ಸ್ವಂತ ಮನೆಯ ಕೆಲಸ

ಹೆಣಕ್ಕೆ ಎರೆಯಲು ಎರಡನೆಯ ಕೊಡ ತುಂಬಿಸಿ ಭುವನೇಶ್ವರಿ ನಳ ತಿರುವಿದಳು. ನಿಲ್ಲಲಿಲ್ಲ. ಹಲ್ಲು ಕಚ್ಚಿ ಇನ್ನೊಮ್ಮೆ ತಿರುವಿದಳು. ಎಲ್ಲಿಯ ಮಾತು! ಹನ್ನೊಂದು ವರ್ಷದಿಂದ ಸೋರುತ್ತಿದ್ದ ನಳ ಇವತ್ತು ಗಂಡ ಸತ್ತನೆಂದು ನಿಲ್ಲುತ್ತದೆಯೇ? ಅದರ ಕೆಳಗೆ ತಂಬಿಗೆ ಇಟ್ಟಳು.

"ನೀ ಯಾಕ ನೀರು ತುಂಬ್ತಿ ಅಕ್ಕಾ, ಒಳಗ ಬಾ," ಎಂದು ತಂಗಿ ಸುವರ್ಣಾ ರಟ್ಟೆ ಹಿಡಿದು ಕರೆದೊಯ್ದಳು.

ಸಿಂದಗಿಯ ಬಸ್‌ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿ ಇಟ್ಟಿದ್ದ ಶ್ರೀಶೈಲಪ್ಪ ನಸುಕಿನಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮೈ ತೊಳೆದು, ವಿಭೂತಿ ಬಳಿದು, ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದರು. ಹೆಂಗಸರು ಸುತ್ತ ಕೂತರು. ಇನ್ನು ಹಾಡಿಕೊಂಡು ಅಳಬೇಕು. ಸತ್ತವನು ಮಾಡಿದ್ದನ್ನೆಲ್ಲ ಒಂದೊಂದಾಗಿ ಎತ್ತಿ ಹೇಳಿ ಅಳಬೇಕು, ಮೊದಲ ಸೊಲ್ಲು ಹೆಂಡತಿಯದೇ ಆಗಬೇಕು. ಎಲ್ಲರೂ ಅವಳ ಬಾಯಿ ನೋಡುತ್ತಿದ್ದರು.

"ಏನಾರ ಹೇಳಿ ಅಳು ಅಕ್ಕಾ. ಮಂದಿ ನೋಡಾಕತ್ತಾರ," ಸುವರ್ಣಾ ಕಿವಿಯಲ್ಲಿ ಅಂದಳು.

"ಏನ್ ಹೇಳ್ಲಿ?"

"ಮೂವತ್ತು ವರ್ಷದಾಗ ಒಂದರ ಮಾಡಿರ್ತಾರಲ್ಲ ನಿನಗ?"

ಭುವನೇಶ್ವರಿ ಹುಡುಕಿದಳು. ಪ್ರಾಮಾಣಿಕವಾಗಿಯೇ ಹುಡುಕಿದಳು. ಹೊಡೆದವನಲ್ಲ, ಕುಡಿದವನಲ್ಲ. ಆದರೆ ಹೊಡೆಯಲಿಲ್ಲ, ಕುಡಿಯಲಿಲ್ಲ ಎಂದು ಯಾರಾದರೂ ಹಾಡಿಕೊಂಡು ಅಳುತ್ತಾರೆಯೇ? ಮಕ್ಕಳಾಗಲಿಲ್ಲ, ಆ ಸೊಲ್ಲೂ ಇಲ್ಲ. ಕುಡಿದ ಲೋಟವನ್ನು ಕೂತಲ್ಲೇ ಬಿಟ್ಟು ಏಳುತ್ತಿದ್ದ ಮನುಷ್ಯ. ನಳದ ಮಾತೆತ್ತಿದರೆ "ಭಾನುವಾರ ಮಾಡ್ತೇನಿ" ಎನ್ನುತ್ತಿದ್ದ. ಭಾನುವಾರ ಬಂದರೆ ಊಟ ಮುಗಿಸಿ ಎಲ್ಲಿಗೋ ಆಟಕ್ಕೆ ಹೋಗುತ್ತಿದ್ದ. ಇಸ್ಪೀಟೇ ಇರಬೇಕೆಂದು ಅವಳು ತಿಳಿದಿದ್ದಳು.

ಅಷ್ಟರಲ್ಲಿ ಅದೇ ಓಣಿಯ ಮುದುಕಿ ಶೆಟ್ಟೆವ್ವ ಬಾಗಿಲಲ್ಲೇ ಎದೆ ಬಡಿದುಕೊಂಡು ಶುರು ಮಾಡಿದಳು:

"ಜ್ವರದಾಗ ಬಿದ್ದಾಗ ಬಂದ್ಯೋ ನನ್ನಪ್ಪಾ... ಪಂಚಮಿ ರೊಟ್ಟಿ ಬಡದ ಕೊಟ್ಟ್ಯೋ ನನ್ನಪ್ಪಾ... ಓಣಿ ಮಂದ್ಯಾಗ ನನ್ನ ಮಾನಾ ಉಳಿಸಿದ್ಯೋ..."

ಭುವನೇಶ್ವರಿ ಬೆಚ್ಚಿದಳು. "ಯಾವ ಪಂಚಮಿ ಬೇ?"

"ಹ್ವಾದ ವರ್ಷದ ಆಚೀದು ನನ್ನವ್ವಾ. ನೀ ಕೈ ಮುರಕೊಂಡಿದ್ದಿ ನೋಡು, ಅವತ್ತ."

\*

ನಳದ ಕೆಳಗೆ ನಿಂತ ನೀರಿನಲ್ಲೇ ಅವಳು ಜಾರಿ ಬಿದ್ದದ್ದು. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್. ರೊಟ್ಟಿ ಪಂಚಮಿಯ ದಿನ ಮನೆಮನೆಗೆ ರೊಟ್ಟಿ ಕೊಡದೆ ಇರಲಾದೀತೇ? ಎಡಗೈಯಲ್ಲಿ ಬಡಿಯಲು ಹೋದಳು. ಜೋಳದ ಹಿಟ್ಟು ಮಾತು ಕೇಳಲಿಲ್ಲ, ಒಂದೊಂದೂ ಹರಿದು ಹಂಚಿಗಂಟಿತು.

"ಯಾಕ ತ್ರಾಸ ಮಾಡ್ಕೋತಿ? ಖಾನಾವಳಿಯಿಂದ ತರ್ತೇನಿ ಬಿಡು," ಎಂದು ಹೋದ ಗಂಡ ಮಧ್ಯಾಹ್ನ ಕಳೆದ ಮೇಲೆ ಬರಿಗೈಯಲ್ಲಿ ಬಂದ. ಮರೆತೆ ಅಂದ. ಕಿವಿಯ ಹಿಂದೆ ಬೆಳ್ಳಗೆ ಏನೋ ಹತ್ತಿತ್ತು. ಗುಡಿಗೆ ಹೋಗಿ ವಿಭೂತಿ ಹಚ್ಚಿಕೊಂಡಿರಬೇಕು ಅಂದುಕೊಂಡಳು.

ಸಂಜೆ ಶೆಟ್ಟೆವ್ವನ ಮಗ ಅಮಸಿದ್ದ ರೊಟ್ಟಿ ತಂದುಕೊಟ್ಟ. ಎಳ್ಳು ಹಚ್ಚಿದ ಕಟಕ ರೊಟ್ಟಿ. ಅವಳು ಶೇಂಗಾ ಚಟ್ನಿಯ ಜೊತೆ ತಿನ್ನುವಾಗ ಗಂಡ ಎದುರಿಗೇ ಕೂತಿದ್ದ.

"ಹೆಂಗ ಆಗ್ಯಾವ?"

"ಚಲೋ ಆಗ್ಯಾವ."

ಅವನು ಮತ್ತೆ, "ತೆಳ್ಳಗ ಆಗ್ಯಾವೇನು?"

"ಶೆಟ್ಟೆವ್ವನ ಕೈ ಅದು. ತೆಳ್ಳಗ ಆಗದ ಏನು?"

ಅವನು ನಕ್ಕು ಎದ್ದುಹೋಗಿದ್ದ.

\*

ಹೆಣದ ಮುಂದೆ ಮೊಬೈಲ್ ಅಂಗಡಿಯ ನಿಯಾಜ ತಲೆಗೆ ಕರವಸ್ತ್ರ ಕಟ್ಟಿಕೊಂಡು ನಿಂತಿದ್ದ. ಗಂಡನ ಭಾನುವಾರದ ಜೊತೆಗಾರ. ಭುವನೇಶ್ವರಿ ಅವನನ್ನು ಅಡುಗೆಮನೆಗೆ ಕರೆದಳು.

"ಖರೇ ಹೇಳು ನಿಯಾಜ. ಏನ್ ಆಡ್ತಿದ್ರಿ ನೀವು?"

ಅವನು ಚೀಲದಿಂದ ದಪ್ಪನೆಯ ವಹಿಯೊಂದನ್ನು ತೆಗೆದ. "ಇದನ್ನ ಅವರ ಸಂಗಾಟ ಮಣ್ಣಾಗ ಇಡೂಣಂತ ತಂದೇನ್ರಿ ಅಕ್ಕಾರ."

ಯಾವನೋ ಕಾಲೇಜು ಹುಡುಗ ಝೆರಾಕ್ಸಿಗೆ ತಂದ ಆಟದ ಪುಸ್ತಕವಂತೆ. ಶ್ರೀಶೈಲಪ್ಪ ಒಂದು ಪ್ರತಿ ಹೆಚ್ಚು ತೆಗೆದು ಹೊಲಿದಿಟ್ಟುಕೊಂಡ, ಅದೇ ಈ ವಹಿ. ಮೇಜಿನ ಸುತ್ತ ಕೂತು ದಾಳ ಉರುಳಿಸಿ, ಒಂದು ಕತೆಯೊಳಗೆ ಒಬ್ಬೊಬ್ಬರು ಒಂದೊಂದು ವೇಷವಾಗಿ ಆಡುವುದು. ನಿಯಾಜ ಕಳ್ಳ, ಅಮಸಿದ್ದ ಕತ್ತಿಯ ವೀರ, ಶ್ರೀಶೈಲಪ್ಪ ಮಾಂತ್ರಿಕ. ಕಾಳಗದ ಮಂತ್ರಕ್ಕೆ ದಾಳ ಬಿದ್ದರೆ ಸಾಕು. ಉಳಿದ ಮಂತ್ರಗಳಿಗೆ ಇವರದೇ ನಿಯಮ. ಕೊನೆಯ ಹಾಳೆಯಲ್ಲಿ ಗಂಡನ ದುಂಡಗಿನ ಅಕ್ಷರ ಅವಳಿಗೆ ಗುರುತಾಯಿತು:

"ದೀಪ ಹಚ್ಚುವ, ನೀರು ತರಿಸುವ, ಊಟ ಹುಟ್ಟಿಸುವ, ನೋವು ಇಳಿಸುವ ಮಂತ್ರ ಯಾರಿಗೂ ಪುಕ್ಕಟೆ ಇಲ್ಲ. ಆ ವಾರ ಅಂಥದೇ ಕೆಲಸವನ್ನು ಕೈಯಾರೆ ಇನ್ನೊಬ್ಬರಿಗೆ ಮಾಡಿ ಬಂದವನಿಗೆ ಮಾತ್ರ ಅದು ಫಲಿಸುತ್ತದೆ. ಸ್ವಂತ ಮನೆಯ ಕೆಲಸ ಹಿಡಿಯುವುದಿಲ್ಲ."

"ನಮ್ಮ ಅಬ್ಬಾಗ ಲಕ್ವಾ ಹೊಡದು ಕೈ ಬಿದ್ದಾಗ ಎರಡು ತಿಂಗಳ ಇವರ ಬಂದು ದಾಡಿ ಮಾಡ್ಯಾರ್ರಿ," ನಿಯಾಜ ಅಂದ.

"ಸ್ವಂತ ಮನೀದು ಯಾಕ ಹಿಡಿಯೂದಿಲ್ಲ?"

"ಮನ್ಯಾಗ ಮಾಡಿದ್ದಕ್ಕ ಸಾಕ್ಷಿ ಯಾರ್ರಿ? ಎಲ್ಲಾರೂ ಸುಳ್ಳ ಹೇಳ್ತಾರ ಅಂತ..."

"ನಾ ಇದ್ದೆನಲ್ಲೋ ಸಾಕ್ಷಿ!"

ಭುವನೇಶ್ವರಿ ಆ ಸಾಲಿನ ಮೇಲೆ ಬೆರಳಿಟ್ಟಳು.

"ಆ ರೊಟ್ಟಿ ನಾನೂ ತಿಂದೇನಿ. ಎದುರಿಗೇ ಕುಂತಿದ್ರು. ನಾ ಬಡದೇನಿ ಅಂತ ಒಂದು ಮಾತು ಹೇಳಬಾರದಾಗಿತ್ತೇನು?"

"ಹೇಳಿದ್ರ ಸ್ವಂತ ಮನೀದು ಆಗತಿತ್ರಿ. ಆ ವಾರದ ಮಂತ್ರ ಹೋಗತಿತ್ತು."

"ಆ ಮಂತ್ರ ತಗೊಂಡು ಏನ್ ಮಾಡಿದ್ರು?"

"ಕತಿಯೊಳಗ, ಅಡವ್ಯಾಗ ಒಬ್ಬಾಕಿ ಹಸದ ಕುಂತಿದ್ಲರಿ. ಆಕಿಗೆ ಊಟ ಹುಟ್ಟಿಸಿದ್ರು."

ಭುವನೇಶ್ವರಿ ವಹಿ ಮುಚ್ಚಿ ಅವನ ಕೈಗೆ ಕೊಟ್ಟಳು. ಇಲ್ಲದ ಹೆಂಗಸಿನ ಹಸಿವು ಕಂಡಿತ್ತು ಆ ಮನುಷ್ಯನಿಗೆ!

\*

ವಹಿ ಶ್ರೀಶೈಲಪ್ಪನ ಮಡಿಲಲ್ಲೇ ಮಣ್ಣಾಯಿತು. ಹೊತ್ತು ಇಳಿಯುವಾಗ ಗಂಡಸರು ತಿರುಗಿ ಬಂದು ಅಂಗಳದ ನಳದಲ್ಲಿ ಕಾಲು ತೊಳೆಯತೊಡಗಿದರು. ಕೊನೆಯವನಾಗಿ ತೊಳೆದ ನಿಯಾಜ ನಳ ತಿರುವಿದ, ಸೋರುವುದನ್ನು ನೋಡಿದ. ಬೈಕಿನಿಂದ ನಟ್ಟು ತಿರುಗಿಸುವ ಪಾನಾ ತಂದು ಬಿಚ್ಚಿ, ಹಳೆಯ ಟ್ಯೂಬಿನ ರಬ್ಬರಿನಿಂದ ವಾಶರ್ ಕತ್ತರಿಸಿ ಕೂಡಿಸಿ ಬಿಗಿದ. ನೀರು ನಿಂತಿತು. ಇಷ್ಟೇ ಇತ್ತು ಕೆಲಸ.

"ಮೊದಲ ನಾ ಮಾಡ್ಲೇನಂತ ಅವರಿಗೆ ಕೇಳಿದ್ದೆರಿ ಅಕ್ಕಾರ," ಅವನು ತಲೆ ತಗ್ಗಿಸಿ ಅಂದ. "ನಮ್ಮನೀ ನಳಾ ನಾನ ಮಾಡ್ತೇನಿ, ಬ್ಯಾಡ ಅಂದಿದ್ರು."

"ಈ ವಾರದ್ದು ಹಿಡೀತು ನೋಡಲೇ ನಿಂದು," ಅಮಸಿದ್ದನ ಬಾಯಿಂದ ರೂಢಿಯಂತೆ ಬಂದೇಬಿಟ್ಟಿತು. ನಾಲಿಗೆ ಕಚ್ಚಿಕೊಂಡ.

ಭುವನೇಶ್ವರಿ ಕೇಳಿಸಿಕೊಂಡಳು. ಅವರೆಲ್ಲ ಒಳಗೆ ಹೋಗಿ ದೀಪ ನೋಡಿ, ಕೈಮುಗಿದು, ಒಬ್ಬೊಬ್ಬರಾಗಿ ಮನೆಗೆ ಹೋದರು. ನಿಯಾಜ ಪಾನಾವನ್ನು ಕಟ್ಟೆಯ ಮೇಲೇ ಮರೆತಿದ್ದ.

ಅಂಗಳದಲ್ಲಿ ಹನಿ ಬೀಳುವ ಸದ್ದಿರಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಇರಲಿಲ್ಲ. ಒಳಗೆ ಹೆಂಗಸರು ಗುಸುಗುಸು ಅನ್ನುತ್ತಿದ್ದರು: ಮಣ್ಣಾಗಿ ಬಂದರೂ ಹೆಂಡತಿ ಒಂದು ಸೊಲ್ಲು ಹೇಳಿ ಅಳಲಿಲ್ಲವಲ್ಲ, ಎಂಥ ಕಲ್ಲೆದೆ.

ಭುವನೇಶ್ವರಿ ಪಾನಾ ಎತ್ತಿಕೊಂಡಳು. ಮುರಿದು ಕೂಡಿದ ಬಲಗೈಯಲ್ಲಿ ಬಲವಿರಲಿಲ್ಲ. ಎರಡೂ ಕೈಯಿಂದ ಹಿಡಿದು, ನಿಯಾಜ ಬಿಗಿದಿದ್ದ ನಟ್ಟನ್ನು ಒಂದು ಸುತ್ತು ಸಡಿಲಿಸಿದಳು. ನೀರು ಜಿನುಗಿತು, ತುದಿಗೆ ಬಂದು ನೇತಾಡಿತು, ಬಿತ್ತು. ತಂಬಿಗೆಯನ್ನು ಸರಿಯಾಗಿ ಅದರ ಕೆಳಗೆ ಸರಿಸಿ, ಹಸಿ ಕಲ್ಲಿನ ಮೇಲೆ ಕೂತು ಎದೆ ಬಡಿದುಕೊಂಡಳು.

"ನಳಾ ಸೋರಾಕತ್ತೈತೋ ನನ ರಾಜಾ... ನಳಾ ಸೋರಾಕತ್ತೈತೋ..."