ಚಪ್ಪಲಿ ಬಿಡುವ ಕೋಣೆ

ಎರಡು ಸಾವಿರದ ಮೂರನೇ ಇಸವಿ ಜೂನ್ ತಿಂಗಳಲ್ಲಿ, ಚನ್ನಪಟ್ಟಣದ ಅಂಚಿನ ಒಂದು ಪ್ರೌಢಶಾಲೆಯ ಅಧ್ಯಾಪಕರ ಮುಂದೆ ಅತ್ಯಂತ ಗಂಭೀರವಾದ ವಿಷಯವೊಂದು ತೀರ್ಮಾನಕ್ಕೆ ಬಂತು: ಕಂಪ್ಯೂಟರ್ ಕೋಣೆಯೊಳಕ್ಕೆ ಚಪ್ಪಲಿ ಹಾಕಿಕೊಂಡು ಹೋಗಬಹುದೋ, ಕೂಡದೋ. ಎಂಟನೇ ತರಗತಿಯ ಪುಸ್ತಕಗಳು ಇನ್ನೂ ಬಂದಿರಲಿಲ್ಲ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿರಲಿಲ್ಲ. ಆದರೆ ಅವೆಲ್ಲ ಪ್ರತಿ ವರ್ಷ ಇರುವಂಥವು. ಚಪ್ಪಲಿಯ ಪ್ರಶ್ನೆ ಹೊಸದು. ಅದಕ್ಕೆ ಮೂರು ಸಭೆ ಹಿಡಿಯಿತು.

ಹೆಡ್‌ಮಾಸ್ಟರ್ ಅನಂತರಾಜು ನಡುದಾರಿಯವರು. ಮೇಷ್ಟ್ರುಗಳು ಹಾಕಿಕೊಳ್ಳಲಿ, ಮಕ್ಕಳು ಬಿಡಲಿ ಎಂದರು. ಡ್ರಿಲ್ ಮಾಸ್ಟರು ಎದ್ದು ನಿಂತು, "ಬರಿಗಾಲಲ್ಲಿ ಹೋಗಿ ಕರೆಂಟ್ ಹೊಡೆದ್ರೆ ಯಾರ್ರೀ ಜವಾಬ್ದಾರಿ?" ಎಂದು ಕೇಳಿ ಎರಡನೇ ಸಭೆಯನ್ನು ಮುರಿದರು. ಮೂರನೆಯದರಲ್ಲಿ ಗೆದ್ದವರು ಗಣಿತದ ಸರ್ವಮಂಗಳ. ರಾಮನಗರದಲ್ಲಿ ಹತ್ತು ದಿನದ ಕಂಪ್ಯೂಟರ್ ತರಬೇತಿ ಮುಗಿಸಿ ಸರ್ಟಿಫಿಕೇಟ್ ತಂದಿದ್ದವರು ಇಡೀ ಶಾಲೆಯಲ್ಲಿ ಅವರೊಬ್ಬರೇ.

"ಅಲ್ಲಿ ಎಲ್ಲರೂ ಚಪ್ಪಲಿ ಬಿಟ್ಟೇ ಒಳಗೆ ಹೋಗ್ತಿದ್ವಿ ಸಾರ್. ಧೂಳು ಬಿದ್ರೆ ಹಾಳಾಗುತ್ತೆ" ಎಂದರು. ಕಾರಣ ಧೂಳು ಎಂದರೂ, ಅವರ ದನಿಯಲ್ಲಿದ್ದದ್ದು ಧೂಳಿಗಿಂತ ದೊಡ್ಡದು.

ಅಟೆಂಡರ್ ಹುಚ್ಚಯ್ಯ ಕೆಂಪು ಬಣ್ಣದಲ್ಲಿ ಬೋರ್ಡು ಬರೆದು ಬಾಗಿಲಿಗೆ ತಗುಲಿಸಿದ. ಮೂರು ಕಂಪ್ಯೂಟರುಗಳಿಗೆ ಹೂವಿನ ಬಟ್ಟೆಯ ಮುಸುಕು ಬಂತು. ಆಯುಧಪೂಜೆಯ ದಿನ ಕುಂಕುಮವೂ ಬಂತು. "ಇನ್ನ ಒಬ್ಬ ಪೂಜಾರಪ್ಪ ಬಂದ್ಬುಟ್ರೆ ಮುಗೀತು ಕಣವ್ವ" ಎಂದು ಹುಚ್ಚಯ್ಯ ಹುಡುಗಿಯರ ಮುಂದೆ ಅಂದ. ಸರ್ವಮಂಗಳರ ಕಿವಿಗೆ ಬೀಳುವಷ್ಟು ಜೋರಾಗಿ ಮಾತ್ರ ಅನ್ನಲಿಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ ಹನ್ನೊಂದು ಹುಡುಗಿಯರನ್ನು ಕೂರಿಸಿಕೊಂಡು ಸರ್ವಮಂಗಳ ಕಂಪ್ಯೂಟರ್ ಕಲಿಸತೊಡಗಿದರು. ಅದನ್ನು ಅವರಿಗೆ ಯಾರೂ ವಹಿಸಿರಲಿಲ್ಲ. ಪ್ರತಿ ವರ್ಷ ಮೊದಲ ದಿನ ಅವರು ತಮ್ಮ ಕಥೆಯನ್ನೇ ಹೇಳುತ್ತಿದ್ದರು. ಹದಿನಾರು ವರ್ಷಕ್ಕೆ ಅವರಿಗೆ ಪಾಲಿಟೆಕ್ನಿಕ್‌ನಲ್ಲಿ ಸೀಟು ಸಿಕ್ಕಿತ್ತು. ಮಾಗಡಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ತಂದೆ ವೀರಭದ್ರಯ್ಯ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಕೈಗೆ ಅರ ಕೊಟ್ಟು ಕಬ್ಬಿಣ ಉಜ್ಜಿಸ್ತಾರಂತಲ್ಲ, ಹೌದಾ?" ಹೌದಾಗಿತ್ತು. ಸೀಟು ಬೇರೆಯವರಿಗೆ ಹೋಯಿತು. ಸರ್ವಮಂಗಳ ಬಿ.ಎಸ್ಸಿ. ಮಾಡಿ, ಬಿ.ಎಡ್. ಮಾಡಿ, ಮೇಡಂ ಆದರು.

"ನಿಮಗೆ ಯಾರೂ ಹಾಗೆ ಅಡ್ಡ ಬರಬಾರದು ಕಣ್ರೇ. ಬಂದ್ರೆ ನನಗೆ ಹೇಳಿ. ಮನೆಗೇ ಬಂದು ಮಾತಾಡ್ತೀನಿ" ಎನ್ನುವಾಗ ಹುಡುಗಿಯರ ಕಣ್ಣು ತುಂಬುತ್ತಿತ್ತು. ನವ್ಯಶ್ರೀ ಎಂಬುವಳದು ಮಾತ್ರ ಮುಚ್ಚಿರುತ್ತಿತ್ತು. ಇಡೀ ಶಾಲೆಯಲ್ಲಿ ಫ್ಯಾನ್ ಇದ್ದದ್ದು ಆ ಕೋಣೆಯಲ್ಲಿ ಮಾತ್ರ. ಅವಳು ಸೇರಿದ್ದು ಅದಕ್ಕೇ.

ಆ ಹನ್ನೊಂದು ಮಂದಿಯಲ್ಲಿ ಭಾನುಪ್ರಿಯ ಒಬ್ಬಳು. ಅವಳಪ್ಪ ಚೆಲುವಯ್ಯ ಬಣ್ಣದ ಬೊಂಬೆ ಮಾಡುವವನು. ಮನೆಯ ಮುಂದಿನ ಶೀಟಿನ ಮಾಡಿನ ಕೆಳಗೆ ಮೋಟರು ಹಾಕಿದ ಲೇತು. ಅದಕ್ಕೆ ಮರದ ತುಂಡು ಸಿಕ್ಕಿಸಿ, ತಿರುಗಿಸಿ, ಉಳಿಯಿಟ್ಟು ಕಡೆದು, ಅರಗಿನ ಬಣ್ಣ ಹತ್ತಿಸುವುದು ಕೆಲಸ. ಭಾನುಪ್ರಿಯ ಹತ್ತು ವರ್ಷಕ್ಕೇ ಉಳಿ ಹಿಡಿದವಳು. ಒಳಗೆ ಕೂತು ಸಮಾಜ ವಿಜ್ಞಾನ ಓದುತ್ತಲೇ, "ಅಪ್ಪಾ, ಮರ ಸೀಳ್ತಾ ಐತೆ, ನಿಲ್ಸು" ಎಂದು ಬರೀ ಸದ್ದಿನ ಮೇಲೆ ಹೇಳುತ್ತಿದ್ದಳು. ಇದನ್ನು ಆ ಬೀದಿಯಲ್ಲಿ ಯಾರೂ ವಿದ್ಯೆ ಎನ್ನುತ್ತಿರಲಿಲ್ಲ. ಪ್ರತಿ ಮನೆಯಲ್ಲೂ ಒಂದು ಲೇತು ಇತ್ತು.

ಆಗಿನ ಮೌಸುಗಳ ಹೊಟ್ಟೆಯಲ್ಲಿ ರಬ್ಬರು ಮೆತ್ತಿದ ಒಂದು ಗುಂಡು ಇರುತ್ತಿತ್ತು. ಅದು ಗೋಲಿಯಾಟಕ್ಕೆ ಬಹಳ ಚೆನ್ನಾಗಿ ಒದಗುತ್ತದೆ ಎಂಬ ಸಂಗತಿ ಎರಡನೇ ವರ್ಷ ಗಂಡುಹುಡುಗರಿಗೆ ಗೊತ್ತಾಗಿ, ಒಂದೇ ವಾರದಲ್ಲಿ ಮೂರೂ ಗುಂಡು ಮಾಯವಾದವು. ಅನಂತರಾಜು ಇಲಾಖೆಗೆ ಪತ್ರ ಬರೆದರು. ಇಲಾಖೆ, ಯಾವ ಗುಂಡು ಎಂದು ವಿವರಣೆ ಕೇಳಿತು. ಈ ನಡುವೆ ಒಂದು ಶನಿವಾರ ಭಾನುಪ್ರಿಯ ಮುಷ್ಟಿ ಬಿಚ್ಚಿ ತೋರಿಸಿದಳು. ಒಳಗೊಂದು ಕೆಂಪು ಗುಂಡು.

"ಇದೇನೇ?"

"ಮೌಸಿಗೆ ಮಿಸ್. ಹೋದ ಶನಿವಾರ ಬರೀ ಮರದ್ದು ಹಾಕ್ನೋಡಿದ್ದೆ. ಹಗುರ ಆಗಿ ಜಾರ್ತಿತ್ತು. ಅದಕ್ಕೆ ಎರಡು ಹೋಳು ಕಡೆದು, ಮಧ್ಯ ಸೈಕಲ್ ಶಾಪಿನ ಬೇರಿಂಗ್ ಗುಂಡು ಇಟ್ಟು ಅಂಟಿಸ್ದೆ. ಮೇಲೆ ಎಳೆದಿರೋದು ಬಲೂನು."

"ಅಳತೆ?"

"ತೂತಿಗೆ ಬೆರಳಿಟ್ಟು ನೋಡಿದ್ದೆ ಮಿಸ್."

ಹಾಕಿದರು. ಪರದೆಯ ಮೇಲೆ ಬಾಣದ ಗುರುತು ಒಂಚೂರು ಕುಂಟುತ್ತ ಓಡಾಡಿತು. ಹುಡುಗಿಯರು ಚಪ್ಪಾಳೆ ತಟ್ಟಿದರು, ನವ್ಯಶ್ರೀಗೆ ಎಚ್ಚರವಾಯಿತು. ಸರ್ವಮಂಗಳರಿಗೆ ನಿಜವಾಗಿಯೂ ಖುಷಿಯಾಯಿತು. ಭಾನುಪ್ರಿಯಳ ತಲೆ ಸವರಿದರು. ಆಮೇಲೆ ಹೇಳಿದರು: "ಜಾಣೆ. ಆದ್ರೆ ಇಂಥದ್ರಲ್ಲಿ ಟೈಮ್ ಕಳೀಬೇಡ. ಟೈಪಿಂಗ್ ನೋಡ್ಕೋ. ಇನ್ನೂ ನಿಮಿಷಕ್ಕೆ ಹದಿನೆಂಟು ಪದದಲ್ಲೇ ಇದೀಯ."

ಇಲಾಖೆಯ ಗುಂಡುಗಳು ಬಂದ ಮೇಲೆ ಆ ಕೆಂಪು ಗುಂಡು ಅವರ ಮೇಜಿನ ಡ್ರಾಯರ್ ಸೇರಿತು.

ಇಷ್ಟರಲ್ಲಿ ಬಿಡದಿಯ ಕಡೆ ಹೊಲಗಳಿಗೆ ಕಾಂಪೌಂಡು ಬಂದು, ಕಾಂಪೌಂಡುಗಳಿಗೆ ಗೇಟು ಬಂದು, ಗೇಟುಗಳಿಗೆ ಟೋಪಿ ಹಾಕಿದ ಕಾವಲುಗಾರರು ಬಂದಿದ್ದರು. ಎರಡು ಸಾವಿರದ ಆರರಲ್ಲಿ ಅಲ್ಲಿನ ಒಂದು ಕಾರ್ಖಾನೆ, ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯರಿಗೆ ಎರಡು ವರ್ಷ ತರಬೇತಿ ಕೊಟ್ಟು ಕೆಲಸಕ್ಕೆ ಇಟ್ಟುಕೊಳ್ಳುತ್ತೇವೆ ಎಂದು ಪ್ರಕಟಿಸಿತು. ಇಪ್ಪತ್ತು ಸೀಟು. ಭಾನುಪ್ರಿಯ ಯಾರಿಗೂ ಹೇಳದೆ ಹೋಗಿ ಪರೀಕ್ಷೆ ಕೊಟ್ಟು ಬಂದಳು. ಬರೆಯುವುದರಲ್ಲಿ ಸುಮಾರು, ಕೈಕೆಲಸದಲ್ಲಿ ಮೊದಲನೆಯವಳು. ಮನೆಗೆ ಕಾಗದ ಬಂತು.

ಆ ಕಾಗದ ಹಿಡಿದು ಚೆಲುವಯ್ಯ ಮಗಳ ಜೊತೆ ಶಾಲೆಗೆ ಬಂದ. ಬೋರ್ಡು ನೋಡಿ ಚಪ್ಪಲಿ ಬಿಟ್ಟು, ಮುಸುಕು ಹಾಕಿದ ಕಂಪ್ಯೂಟರುಗಳ ನಡುವೆ ಮೈ ಹಿಡಿಮಾಡಿಕೊಂಡು ನಿಂತ.

"ಮೇಡಮ್ಮೋರೆ, ಒಸಿ ಓದಿ ಯೋಳಿ. ಕಳ್ಸದಾ ಬ್ಯಾಡ್ವಾ? ಇವ್ರವ್ವ ನಿಮ್ಮುನ್ನೇ ಕೇಳ್ಕಂಡ್ ಬಾ ಅಂದವ್ಳೆ."

ಸರ್ವಮಂಗಳ ಓದಿದರು. ನೀಲಿ ಪ್ಯಾಂಟು, ನೀಲಿ ಷರಟು. ಕೂದಲು ಟೋಪಿಯೊಳಗೆ ಇರಬೇಕು. ಬಳೆ ಕೂಡದು. ಬೆಳಗ್ಗೆ ಐದೂವರೆಗೆ ಬಸ್ಸು. ವಿಭಾಗ: ಲೇತು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ, ಮುಂದೆ ಕಬ್ಬಿಣದ ತಗಡಿರುವ ಬೂಟು ಕಡ್ಡಾಯ, ಬೂಟಿಲ್ಲದವರಿಗೆ ಒಳಗೆ ಪ್ರವೇಶವಿಲ್ಲ ಎಂದಿತ್ತು.

ಈ ಕೊನೆಯ ಸಾಲನ್ನು ಅವರು ಎರಡು ಸಲ ಓದಿದರು. ಕಾಲಿನದನ್ನು ಹೊರಗೆ ಬಿಟ್ಟು ಹೋಗುವ ಜಾಗ ವಿದ್ಯೆಯದು, ಹಾಕಿಕೊಂಡೇ ಹೋಗಬೇಕಾದ ಜಾಗ ಕೂಲಿಯದು ಎಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಆದರೂ ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಲೇತು ನಿಮ್ಮನೇಲೇ ಇದೆಯಲ್ಲ ಚೆಲುವಯ್ಯ. ಅದಕ್ಕೆ ಬಿಡದಿಗೆ ಯಾಕೆ ಹೋಗ್ಬೇಕು?"

"ಅದೇಯ ನಾನೂ ಅಂದಿದ್ದು! ಆ ಲೇತೇ ಬ್ಯಾರೆ ಅಂತಾಳೆ ಇವ್ಳು."

"ಅದು ಕಂಪ್ಯೂಟರ್ ಲೇತು ಮಿಸ್" ಎಂದಳು ಭಾನುಪ್ರಿಯ. "ಅಳತೆ ನಂಬರಲ್ಲಿ ಹಾಕಿದ್ರೆ ಅದೇ ಕಡೆಯುತ್ತಂತೆ. ಸಿ.ಎನ್.ಸಿ. ಅಂತ ಬರ್ದಿದಾರೆ ನೋಡಿ."

ಸಿ.ಎನ್.ಸಿ. ಎಂದರೇನೆಂದು ಸರ್ವಮಂಗಳರಿಗೆ ತಿಳಿದಿರಲಿಲ್ಲ. ಹತ್ತು ದಿನದ ತರಬೇತಿಯಲ್ಲಿ ಅದು ಬಂದಿರಲಿಲ್ಲ. ಗೊತ್ತಿಲ್ಲ ಎನ್ನುವುದು ಮೇಡಂ ಆದವರಿಗೆ ಎಲ್ಲಿದ್ದರೂ ಕಷ್ಟ. ಆ ಕೋಣೆಯಲ್ಲಂತೂ ಬಾಯಿಗೇ ಬರಲಿಲ್ಲ.

"ಹೆಸರು ಏನಾದ್ರೂ ಇಡ್ಲಿ, ಲೇತು ಲೇತೇ. ಕೈಗೆ ಗ್ರೀಸು, ಕಾಲಿಗೆ ಬೂಟು. ಇದಕ್ಕಾ ಭಾನು, ನಾನು ಮೂರು ವರ್ಷ ಕೂರಿಸಿಕೊಂಡು ಕಂಪ್ಯೂಟರ್ ಕಲಿಸಿದ್ದು? ಬಸ್‌ಸ್ಟ್ಯಾಂಡ್ ಮೇಲ್ಗಡೆ ಕಂಪ್ಯೂಟರ್ ಸೆಂಟರ್ ಇದೆ, ಡಿಪ್ಲೊಮಾ ಮಾಡು. ಎ.ಸಿ. ಇದೆ, ನೆಲಕ್ಕೆ ಕಾರ್ಪೆಟ್ಟಿದೆ. ನಾನೇ ಮಾತಾಡಿ ಸೇರಿಸ್ತೀನಿ."

"ಮಿಸ್, ಒಂದ್ಸಲ ಹೋಗಿ ನೋಡ್ಕೊಂಡು ಬರೋಣ್ವಾ? ಗೇಟ್ ಹತ್ರದವರೆಗಾದ್ರೂ?"

"ಅಲ್ಲಿ ನೋಡೋಕೇನಿದೆಯೇ?"

ಭಾನುಪ್ರಿಯ ಅಪ್ಪನ ಮುಖ ನೋಡಿದಳು. ಚೆಲುವಯ್ಯ ಮೇಡಮ್ಮೋರ ಮುಖ ನೋಡಿದ. "ನೀವೆಂಗಂತೀರೋ ಅಂಗೇಯ" ಎಂದ. "ನಮ್ಗೇನ್ ಗೊತ್ತಾಯ್ತದೆ, ಬುಡಿ."

ಭಾನುಪ್ರಿಯ ಬಿಟ್ಟ ಸೀಟು, ತಾನೂ ಪರೀಕ್ಷೆ ಕೊಟ್ಟು ಪಟ್ಟಿಯಲ್ಲಿ ಇಪ್ಪತ್ತೊಂದನೆಯವಳಾಗಿ ನಿಂತಿದ್ದ ನವ್ಯಶ್ರೀಗೆ ಹೋಯಿತು. ಸುದ್ದಿ ಕೇಳಿ ಸರ್ವಮಂಗಳ, "ಪಾಪ, ಆ ಮಗುವಿಗೆ ತಿಳಿಹೇಳೋರು ಯಾರೂ ಇರ್ಲಿಲ್ಲ ಅಂತ ಕಾಣುತ್ತೆ" ಎಂದು ಸ್ಟಾಫ್ ರೂಮಿನಲ್ಲಿ ಮರುಗಿದರು.

ಮೂರೂವರೆ ವರ್ಷದ ಮೇಲೆ, ಎರಡು ಸಾವಿರದ ಒಂಬತ್ತರ ಡಿಸೆಂಬರಿನಲ್ಲಿ, ಅದೇ ಕಾರ್ಖಾನೆ ಸುತ್ತಲಿನ ಶಾಲೆಗಳ ಹುಡುಗಿಯರನ್ನು ಒಳಗೆ ಬಂದು ನೋಡಿಹೋಗಲು ಕರೆಯಿತು. ಹೊಸ ವರ್ಷದ ತರಬೇತಿಗೆ ಹುಡುಗಿಯರು ಬೇಕಾಗಿದ್ದರು. ನಲವತ್ತು ಜನರನ್ನು ಬಸ್ಸಿಗೆ ಹತ್ತಿಸಿಕೊಂಡು ಸರ್ವಮಂಗಳ ಹೋದರು.

ಗೇಟಿನಲ್ಲಿ ಕಾವಲುಗಾರ ತಡೆದ. "ಮೇಡಂ, ಚಪ್ಪಲಿ ಇಲ್ಲಿ ಬಿಡಿ."

ಸರ್ವಮಂಗಳ ಸಂತೋಷದಿಂದ ಬಿಟ್ಟರು.

"ಈಗ ಈ ಬೂಟು ಹಾಕ್ಕೊಳಿ."

ಬೂಟು ದೊಡ್ಡದಾಗಿತ್ತು. ಸೀರೆಯ ಕೆಳಗೆ ಅದನ್ನು ಎಳೆಯುತ್ತ ಒಳಗೆ ಹೋದರೆ, ಹುಚ್ಚಯ್ಯ ದಿನಕ್ಕೆರಡು ಸಲ ಗುಡಿಸುವ ಅವರ ಕಂಪ್ಯೂಟರ್ ಕೋಣೆಗಿಂತ ನೆಲ ಶುಭ್ರವಾಗಿತ್ತು. ಸಾಲಾಗಿ ನಿಂತ ಬಿಳಿ ಯಂತ್ರಗಳು, ಗಾಜಿನ ಬಾಗಿಲು, ಪಕ್ಕದಲ್ಲಿ ಪರದೆ. ಒಂದು ಪರದೆಯ ಮುಂದೆ ನೀಲಿ ಬಟ್ಟೆ ತೊಟ್ಟು ಟೋಪಿ ಹಾಕಿ ನಿಂತಿದ್ದವಳು ತಿರುಗಿ, "ಮಿಸ್!" ಎಂದು ಕೂಗಿದಳು. ನವ್ಯಶ್ರೀ.

"ಇದೇನಮ್ಮ, ಇದು ಲೇತಾ?"

"ಹೂಂ ಮಿಸ್, ಲೇತೇ." ಪರದೆಯ ಮೇಲಿನ ಅಂಕಿಗಳಲ್ಲಿ ಒಂದನ್ನು ಬದಲಿಸಿ ಗುಂಡಿ ಒತ್ತಿದಳು. ಗಾಜಿನ ಹಿಂದೆ, ಕಬ್ಬಿಣ ತಣಿಸುವ ಹಾಲಿನಂಥ ನೀರು ಚಿಮ್ಮಿತು. "ನೀವು ಗ್ರಾಫ್ ಪಾಠ ಮಾಡ್ತಿದ್ರಲ್ಲ, ಎಕ್ಸು ವೈ ಅಂತ, ಅದೇ ಇದು. ಇಲ್ಲಿ ವೈ ಬದ್ಲು ಝಡ್ಡು. ನಾನಾಗ ನಿದ್ದೆ ಮಾಡ್ತಿದ್ನಾ, ಇಲ್ಲಿ ಬಂದು ಮೊದಲಿಂದ ಕಲೀಬೇಕಾಯ್ತು."

ಕಡೆದ ತುಂಡನ್ನು ತೆಗೆದು ಅವರ ಅಂಗೈಯ ಮೇಲಿಟ್ಟಳು. ಬೆಚ್ಚಗಿತ್ತು.

"ಭಾನು ಬಂದಿದ್ರೆ ನನಗಿಂತ ಎಷ್ಟೋ ಮುಂದೆ ಇರೋಳು ಮಿಸ್. ನಮ್ಮ ಸಾರು ಈಗ್ಲೂ ಕೇಳ್ತಾರೆ, ಆ ಬೊಂಬೆಯೋರ ಮನೆ ಹುಡುಗಿ ಯಾಕೆ ಬರ್ಲಿಲ್ಲ ಅಂತ."

"ಏನು ಹೇಳ್ದೆ?"

"ಮನೇಲಿ ಕಳಿಸ್ಲಿಲ್ಲ ಅಂದೆ ಮಿಸ್."

ಸರ್ವಮಂಗಳ ಅದನ್ನು ತಿದ್ದಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗಿಯರು ಅಂತ್ಯಾಕ್ಷರಿ ಹಾಡುತ್ತಿದ್ದರು. ಅವರಿಗೆ ಕೇಳಿಸುತ್ತಿದ್ದದ್ದು ಮಾಗಡಿಯ ಬಟ್ಟೆ ಅಂಗಡಿಯಲ್ಲಿ ಕೂತು ತಂದೆ ಕೇಳಿದ ಒಂದು ಪ್ರಶ್ನೆ. ಇಪ್ಪತ್ತೈದು ವರ್ಷ ಅದನ್ನು ಬೈದುಕೊಂಡೇ ಬಂದಿದ್ದರು. ಅರ ಹೋಗಿ ಬೂಟು ಬಂದಿತ್ತು, ಅಷ್ಟೇ.

ಮರುದಿನ ಅವರು ತಾಲ್ಲೂಕು ಕಚೇರಿಯ ಪಕ್ಕದ ಬಾಬಾಜಾನರ ಜೆರಾಕ್ಸ್ ಅಂಗಡಿಗೆ ಹೋದರು. ಡಿಪ್ಲೊಮಾ ಮುಗಿಸಿದ ಭಾನುಪ್ರಿಯ ಅಲ್ಲಿ ಅಫಿಡವಿಟ್ಟು, ಲಗ್ನಪತ್ರಿಕೆ, ತಿಥಿ ಕಾರ್ಡು ಟೈಪು ಮಾಡುತ್ತಿದ್ದಳು. ಬಾಗಿಲಲ್ಲಿ ಬೋರ್ಡಿತ್ತು. ಸರ್ವಮಂಗಳ ಚಪ್ಪಲಿ ಬಿಟ್ಟರು.

"ಬನ್ನಿ ಬನ್ನಿ ಮೇಡಂ" ಎಂದರು ಬಾಬಾಜಾನ್. "ನಿಮ್ ಸ್ಟೂಡೆಂಟು ಅಂದ್ರೆ ಸ್ಟೂಡೆಂಟು. ಮುಂಚೆ ಜೆರಾಕ್ಸ್ ಮಿಷನ್ ಕೆಟ್ರೆ ಬೆಂಗಳೂರಿಂದ ಮೆಕ್ಯಾನಿಕ್ ಬರ್ಬೇಕಿತ್ತು. ಈಗ ಈ ಹುಡುಗಿ ಸದ್ದು ಕೇಳೇ ಹೇಳ್ತಾಳೆ, ಎಲ್ಲಿ ಹಿಡ್ಕೊಂಡೈತೆ ಅಂತ."

"ಮಾರ್ಕ್ಸ್ ಲಿಸ್ಟಾ ಮಿಸ್?" ಎಂದಳು ಭಾನುಪ್ರಿಯ.

"ಅಲ್ಲ. ಒಂದು ಪತ್ರ. ಹೇಳ್ತೀನಿ, ಹೊಡಿ."

ಕಾರ್ಖಾನೆಯ ಹೆಸರು ಹೇಳಿದಾಗ ಅವಳ ಬೆರಳು ನಿಲ್ಲಲಿಲ್ಲ. ತನ್ನ ಹೆಸರು ಬಂದಾಗಲೂ ನಿಲ್ಲಲಿಲ್ಲ. 'ಅಂದು ಈಕೆಯನ್ನು ಸೇರದಂತೆ ತಡೆದವಳು ನಾನು. ತಿಳಿಯದೆ ತಿಳಿದವಳಂತೆ ಮಾತಾಡಿದೆ' ಎಂಬಲ್ಲಿ ನಿಂತಿತು.

"ಇದನ್ನ ಹಾಕ್ಲೇಬೇಕಾ ಮಿಸ್?"

"ಹಾಕು."

ಹಾಕಿದಳು. ಹದಿನೆಂಟರಲ್ಲಿದ್ದ ವೇಗ ಈಗ ಐವತ್ತಕ್ಕೆ ಬಂದಿತ್ತು. ಪತ್ರ ಪ್ರಿಂಟರಿನಿಂದ ಹೊರಗೆ ಬರುವಾಗ ಸರ್ವಮಂಗಳ ಬ್ಯಾಗಿನಿಂದ ಆ ಕೆಂಪು ಗುಂಡನ್ನು ತೆಗೆದು ಮೇಜಿನ ಮೇಲಿಟ್ಟರು. ಬಲೂನು ಕರಗಿ ಮರಕ್ಕೆ ಮೆತ್ತಿಕೊಂಡಿತ್ತು.

"ಅಯ್ಯೋ, ಇದನ್ನ ಇನ್ನೂ ಇಟ್ಟಿದೀರಾ!"

"ಪತ್ರದ ಜೊತೆ ಕಳಿಸೋಣ ಅಂತ."

ಭಾನುಪ್ರಿಯ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. "ಕೂಡಿಸಿರೋದು ಒಂಚೂರು ಸೊಟ್ಟ ಆಗಿದೆ. ಅದಕ್ಕೇ ಕುಂಟ್ತಿತ್ತು." ಆಮೇಲೆ, ಗುಂಡಿನಿಂದ ಕಣ್ಣು ತೆಗೆಯದೆ ಕೇಳಿದಳು: "ಅಲ್ಲಿ ಲೇತಿನ ಸದ್ದು ಹೇಗಿರುತ್ತೆ ಮಿಸ್?"

ಸರ್ವಮಂಗಳ ಯೋಚಿಸಿದರು. "ಗಾಜು ಮುಚ್ಚಿರ್ತಾರೆ ಕಣೆ. ನಾನು ಸರಿಯಾಗಿ ಕೇಳಿಸ್ಕೊಳ್ಲಿಲ್ಲ."

"ಹೂಂ" ಎಂದಳು. ಪತ್ರ ಮಡಿಸಿ, ಗುಂಡನ್ನು ಪೇಪರಿನಲ್ಲಿ ಸುತ್ತಿ, ಎರಡನ್ನೂ ಒಂದು ಕವರಿಗೆ ಹಾಕಿ ಅಂಟಿಸಿಕೊಟ್ಟಳು.

ಮೂರು ವಾರಕ್ಕೆ ಉತ್ತರ ಬಂತು. ತರಬೇತಿಗೆ ವಯಸ್ಸಿನ ಮಿತಿ ಹದಿನೆಂಟು. ಅಭ್ಯರ್ಥಿಗೆ ಅದು ಮೀರಿರುವುದರಿಂದ ಪರಿಗಣಿಸಲು ಆಗುವುದಿಲ್ಲ ಎಂದಿತ್ತು. ಗುಂಡಿನ ಪ್ರಸ್ತಾಪವಿರಲಿಲ್ಲ. ಭಾನುಪ್ರಿಯ ಬಾಬಾಜಾನರ ಅಂಗಡಿಯಲ್ಲೇ ಉಳಿದಳು.