ಮಣೆಯಿಂದ ಎರಡು ಬೆರಳು ಆಚೆ

ಬಸ್ಸಿನ ಕಿಟಕಿಯ ಗಾಜಿನ ಮೇಲೆ ಯಾರೋ ಬೆರಳಲ್ಲಿ ಬರೆದುಬಿಟ್ಟ ವೃತ್ತ, ಅದರೊಳಗೆ ಗದ್ದೆ ಓಡುತ್ತಿದೆ, ತೆಂಗಿನಮರ ಓಡುತ್ತಿದೆ, ಮೋಡ ಮಾತ್ರ ಓಡುತ್ತಿಲ್ಲ, ಇವತ್ತಿಗೆ ನಾಲ್ಕು ದಿನ, ತಮಿಳುನಾಡಿನ ಕಡೆ ಚಂಡಮಾರುತವಂತೆ, ಒಂಬತ್ತಾದರೂ ಬೆಳಗು ಆಗಿಲ್ಲ ಅನ್ನುವಂಥ ಬೆಳಕು — ಯಳಂದೂರಿಗೆ ಇನ್ನು ಅರ್ಧ ಗಂಟೆ, ಮೊದಲ ಪೀರಿಯಡ್ಡೇ ಎಂಟನೇ ಕ್ಲಾಸು, ಮಾಲಿನಿ ಇವತ್ತೂ ಎದ್ದು ನಿಲ್ಲುತ್ತಾಳೆ, ನಿನ್ನೆ ಕೇಳಿದ್ದನ್ನೇ ಕೇಳುತ್ತಾಳೆ, ಮಿಸ್, ಭೂಮಿ ದಿನಾ ಒಂಚೂರು ಒಂಚೂರು ಸೂರ್ಯನ್ ಬುಟ್ಟು ಅತ್ಲಾಗೆ ಓಯ್ತಾ ಇದ್ರೆ ನಮಗ್ ಗೊತ್ತಾಯ್ತದಾ, ನಾವು ಬದುಕ್ತೀವಾ — ಹಿಂದಿನ ಬೆಂಚಿನವರು ನಕ್ಕರು, ಇವಳಿಗೆ ಸ್ವೆಟರ್ ಕೊಡಿಸಿ ಮಿಸ್ ಅಂದರು, ನಾನು ನಗಲಿಲ್ಲ, ದಿನಾ ಒಂಚೂರು ಅನ್ನುವ ಮಾತು ತಲೆಯಲ್ಲೇ ಸಿಕ್ಕಿಕೊಂಡಿತು, ಒಂದೇ ಸಲ ಆಗುವುದು ಯಾರಿಗಾದರೂ ಗೊತ್ತಾಗುತ್ತದೆ, ಒಂಚೂರು ಒಂಚೂರು ಆಗುವುದು ಯಾರಿಗೆ ಗೊತ್ತಾಗುತ್ತದೆ, ಅತ್ತೆಗೆ ಗೊತ್ತಾಗುತ್ತದೆ, ಚಳಿಗಾಲದಲ್ಲಿ ಅಂಗಳದ ಬಿಸಿಲಿಗೆ ಮಣೆ ಹಾಕಿ ಕೂರುವುದು, ಬಿಸಿಲು ಎರಡು ಬೆರಳು ಸರಿದರೆ ಮಣೆಯನ್ನೂ ಎರಡು ಬೆರಳು ಎಳೆಯುವುದು, ಕೂತಲ್ಲಿಂದ ಏಳದೆ, ತುಳಸಿಕಟ್ಟೆಯಿಂದ ಶುರುವಾಗಿ ಬಚ್ಚಲ ಬಾಗಿಲಿಗೆ ಬರುವ ಹೊತ್ತಿಗೆ ಊಟದ ವೇಳೆ, ಗಡಿಯಾರ ನೋಡಿದ್ದೇ ಇಲ್ಲ — ಈ ನಾಲ್ಕು ದಿನ ಆ ಮಣೆ ಒಂದೇ ಕಡೆ ಇದೆ, ಒದ್ದೆಯಾಗಿ.

ಮಾಲಿನಿಗೆ ಏನು ಹೇಳಲಿ, ಇನ್ನು ಮೂರೇ ವಾರಕ್ಕೆ ನಾವು ಸೂರ್ಯನಿಗೆ ಅತಿ ಹತ್ತಿರ ಇರುತ್ತೇವೆ ಕಣೆ, ಜನವರಿಯಲ್ಲಿ, ಆದರೂ ನಡುಗುತ್ತೇವೆ ಅನ್ನಲೇ, ಮೊದಲು ಗಿಡ ಹೋಗುತ್ತದೆ, ಹಿಪ್ಪುನೇರಳೆ ಚಿಗುರುವುದಿಲ್ಲ, ರೇಷ್ಮೆಹುಳುವಿಗೆ ಸೊಪ್ಪಿಲ್ಲ, ಕೆರೆ ಮೇಲಿನಿಂದ ಹೆಪ್ಪುಗಟ್ಟುತ್ತದೆ, ಕಡಲೂ ಅಷ್ಟೇ, ತಳದಲ್ಲಿ ಮಾತ್ರ ಬಹಳ ಕಾಲ ನೀರು, ಕೊನೆಗೆ ಗಾಳಿಯೇ ಗಟ್ಟಿಯಾಗಿ ನೆಲಕ್ಕೆ ಬೀಳುತ್ತದೆ — ನಿನ್ನೆ ಇಷ್ಟು ಹೇಳುವಷ್ಟರಲ್ಲಿ ಅವಳೇ ದಾರಿ ಹುಡುಕಿದ್ದಳು, ನೆಲದಡೀಲಿ ಮನೆ ಕಟ್ಕಂಡು ಸಂದಿ ಎಲ್ಲ ಮುಚ್ಚಿ ಇದ್ದಿಲು ಹಾಕ್ಕಂಡ್ರೆ ಮಿಸ್, ನಮ್ಮನೇಲಿ ಹುಳುಗೆ ಹಾಕ್ತಾರಲ್ಲ ಅಂಗೆ, ಗುಡ್ ಅಂದೆ, ಬೆಲ್ ಹೊಡೆಯಿತು, ಗುಡ್ ಅಂದುಬಿಟ್ಟೆ, ಹನೂರಿನ ಬಸ್ಸು ಹಿಡಿದು ಮನೆಗೆ ಬಂದೆ, ಹುಳುಮನೆಯ ಥರ್ಮಾಮೀಟರ್ ಇಪ್ಪತ್ತು ತೋರಿಸುತ್ತಿತ್ತು, ಕರೆಂಟಿಲ್ಲ, ಹೀಟರ್ ಇಲ್ಲ, ಹುಳು ಎರಡನೇ ಜ್ವರಕ್ಕೆ ಕೂತಿವೆ, ಪೊರೆ ಬಿಡುವ ಹೊತ್ತನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ, ತಲೆ ಎತ್ತಿ ತಿನ್ನದೆ ಅಲುಗದೆ ಸಾವಿರಾರು ಹುಳು, ಅತ್ತೆ ಅಂದರು, ಜ್ವರ್ದ ಹುಳುಗೆ ಗಾಳಿ ಬೇಕು ಕಣವ್ವ, ಮುಚ್ಚಾಕ್ಬ್ಯಾಡ, ನಾನು ಅಂದೆ, ಈ ಚಳಿಗೆ ಒಂದೂ ಉಳಿಯಲ್ಲ ಅತ್ತೆ, ಓದಿದ್ದೀನಿ, ಬೆಳಿಗ್ಗೆ ಎದ್ದು ಕಿಟಕಿಗೆ ನೀಲಿ ಟಾರ್ಪಾಲು ಬಿಗಿದೆ, ಯಾವತ್ತೂ ಗೋಣಿತಾಟು, ಇವತ್ತು ಟಾರ್ಪಾಲು, ಸೂರಿನ ಗವಾಕ್ಷಿಗೂ ಬಿಗಿದೆ, ಒಲೆ ತುಂಬ ಇದ್ದಿಲು ಹಾಕಿ ಹೊತ್ತಿಸಿ ಒಳಗಿಟ್ಟೆ, ನಾನು ಬರೋವರೆಗೂ ಯಾವ ಕಾರಣಕ್ಕೂ ಬಾಗಿಲು ತೆಗೆದಿಡಬೇಡಿ ಅಂದೆ, ಅತ್ತೆ ಅಂದರು, ಬಿಸ್ಲಂತೂ ಇಲ್ಲ, ನಾನೂ ಅಲ್ಲೇ ಕುಂತ್ಕತೀನಿ ಬುಡು, ಹೂಂ ಅತ್ತೆ, ಬೆಚ್ಚಗಿರುತ್ತೆ — ಬೆಚ್ಚಗಿರುತ್ತೆ ಅಂದೆ, ಟಿಫನ್ ಬಾಕ್ಸು ತಗೊಂಡೆ, ಬಸ್ಸಿಗೆ ಓಡಿದೆ, ಈಗ ಈ ವೃತ್ತದ ಮುಂದೆ ಕೂತು ಮಾಲಿನಿಯ ನೆಲಮಾಳಿಗೆಗೆ ಉತ್ತರ ಕಟ್ಟುತ್ತಿದ್ದೇನೆ, ಮಗು, ಸಂದಿ ಎಲ್ಲ ಮುಚ್ಚಿದರೆ ಇದ್ದಿಲು ಸಾಕಷ್ಟು ಗಾಳಿಯಿಲ್ಲದೆ ಉರಿದು ಕಾರ್ಬನ್ ಮೊನಾಕ್ಸೈಡ್, ಬಣ್ಣವಿಲ್ಲ, ವಾಸನೆಯಿಲ್ಲ, ಚಳಿಗೆ ಮೊದಲು ಅದೇ —

ಗವಾಕ್ಷಿ. ಗವಾಕ್ಷಿಗೂ ಬಿಗಿದೆ. ಫೋನು ಎಲ್ಲಿ, ಬ್ಯಾಗಿನಲ್ಲಿ ಕೈ, ಸೀಮೆಸುಣ್ಣ, ಬಾಚಣಿಗೆ, ಫೋನು, ಅತ್ತೆಯ ನಂಬರು ರಿಂಗಾಗುತ್ತದೆ, ಆಗುತ್ತದೆ, ನಿಲ್ಲುತ್ತದೆ, ನಮ್ಮನೆಯವರಿಗೆ ಮಾಡಿದರೆ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಡ್ಯೂಟಿ, ವ್ಯಾಪ್ತಿ ಪ್ರದೇಶದ ಹೊರಗೆ, ಕಂಡಕ್ಟರ್ ತಿರುಗಿ ನೋಡುತ್ತಾನೆ, ಎದ್ದು ನಿಂತಿದ್ದೇನೆ, ಇಳಿದರೆ ತಾನೆ ಏನು, ನಲವತ್ತು ಕಿಲೋಮೀಟರು ದೂರ, ನಾನೇ ಒಂಚೂರು ಒಂಚೂರು ದೂರ ಬಂದಿದ್ದೇನೆ, ಪಕ್ಕದ ಮನೆಯ ಮುತ್ತಯ್ಯ ಮಾವ, ಎತ್ತಿ ಮಾವ, ಎತ್ತಿ — ಏನ್ ಮಗ, ಇಸ್ಕೂಲಿಲ್ವಾ ಇವತ್ತು, ಇಲ್ಲಿ ಬಿಸ್ಲು ಬಂದದೆ ಕಣವ್ವ, ನಾಕ್ ದಿನ ಆದ್ಮೇಲೆ ಸೂರ್ಯದೇವ್ರು ಮೊಖ ತೋರ್ಸವ್ರೆ, ಮಾವ, ಅತ್ತೆ ಅಂಗಳದಲ್ಲಿದ್ದಾರಾ ನೋಡಿ, ಚಪ್ಪಲಿಯ ಸದ್ದು, ಕೋಳಿಯ ಸದ್ದು, ಬೇಗ ಮಾವ, ತಡಿಯವ್ವ, ಮಣೆ ಅದೆ, ಬಿಸ್ಲೂ ಬಿದ್ದದೆ, ಬಸಮ್ಮಕ್ಕ ಮಾತ್ರ ಇಲ್ಲ — ಬಿಸಿಲು ಬಿದ್ದಿದೆ, ಮಣೆಯ ಮೇಲೆ ಯಾರೂ ಇಲ್ಲ, ಹುಳುಮನೆ ಬಾಗಿಲು ತೆಗೀರಿ ಮಾವ, ಟಾರ್ಪಾಲು ಕಿತ್ತುಹಾಕಿ, ಒಲೆ ಆಚೆ ತನ್ನಿ, ಹುಳು ಹಾಳಾಗಲಿ, ಬಸ್ಸಿನವರೆಲ್ಲ ಕೇಳಿಸಿಕೊಳ್ಳುತ್ತಿದ್ದಾರೆ, ಚಿಲಕ ಸದ್ದಾಯಿತು, ಆಮೇಲೆ ಏನೂ ಇಲ್ಲ, ಏನೂ ಇಲ್ಲ, ಅಕ್ಕಾ, ಬಸಮ್ಮಕ್ಕಾ, ಏಳಕ್ಕಾ, ಏನೂ ಇಲ್ಲ, ಸೂರ್ಯನ ಬೆಳಕು ನಮಗೆ ಬರಲು ಎಂಟು ನಿಮಿಷ, ಅಷ್ಟರಲ್ಲಿ ಅಲ್ಲಿ ಏನಾದರೂ ಆಗಿಹೋಗಿದ್ದರೂ ಇಲ್ಲಿ ಬಿಸಿಲು — ಒಂದು ಕೆಮ್ಮು. ಯಾವನ್ಲಾ ಅವ್ನು, ಬಾಗ್ಲು ಮುಚ್ಲಾ, ತೆಗೀಬ್ಯಾಡಿ ಅಂದವ್ಳೆ ನನ್ ಸೊಸೆ, ನಾಲಿಗೆ ತೊದಲುತ್ತಿದೆ, ಆದರೆ ಅತ್ತೆಯದೇ ದನಿ, ತಲೆ ಒಂಥರಾ ದಿಮ್ಮಂತದೆ ಕಣ್ಲಾ ಮುತ್ತ, ಕಾಲ್ ಬತ್ತಾ ಇಲ್ಲ, ಬಾರಕ್ಕ ಆಚಿಗೆ, ನನ್ ಮೇಲೆ ಭಾರ ಬುಡು, ಸದ್ಯ, ಮಗ, ನಿಮ್ಮತ್ತೆ ಅವ್ರೆ, ಅಳಬ್ಯಾಡ, ವಾಂತಿ ಮಾಡ್ಕತಾವ್ರೆ, ಆಟೋ ಕರೀತೀನಿ, ಹನೂರ್ ಆಸ್ಪತ್ರೆಗೆ ಓಯ್ತೀವಿ, ಹೂಂ ಮಾವ, ನಾನೂ ಬಂದೆ, ಸ್ಟಾಪ್ ಹೇಳಿ, ಕಂಡಕ್ಟರ್ರೇ, ಸ್ಟಾಪ್ — ರಸ್ತೆಬದಿಯಲ್ಲಿ ನಿಂತಿದ್ದೇನೆ, ಬಸ್ಸು ಹೋಯಿತು, ವೃತ್ತವೂ ಹೋಯಿತು, ಇಲ್ಲಿ ಇನ್ನೂ ಮೋಡ, ಫೋನಿನ ಆಚೆ ಅತ್ತೆ ಏನೋ ಅನ್ನುತ್ತಿದ್ದಾರೆ, ನನ್ನ ಬಗ್ಗೆಯಲ್ಲ, ಹುಳುವಿನ ಬಗ್ಗೆಯೂ ಅಲ್ಲ, ಮುತ್ತ, ಮಣೆ ಒಸಿ ಎಳ್ದಾಕ್ಲಾ, ಬಿಸ್ಲು ಓಯ್ತಾ ಅದೆ — ಬಿಸಿಲು ಹೋಗುತ್ತಿದೆ, ಮಣೆ ಇದ್ದಲ್ಲೇ ಇದೆ, ಅದರ ಅಂಚಿನಿಂದ ಎರಡು ಬೆರಳು ಆಚೆ ಬಿಸಿಲು, ಮಣೆ, ಎರಡು ಬೆರಳು, ಬಿಸಿಲು