ಮೂವತ್ತೆಂಟರ ಕಾರಿಗೆ ಸಿಗ್ನಲ್ ಕೈ

ವಾರದಲ್ಲಿ ಆರು ದಿನ ಕಂಡವರ ಕಾರು, ಲಾರಿಗಳಿಗೆ ವೈರಿಂಗ್ ಮಾಡಿ, ಏಳನೆಯ ದಿನವೂ ಇನ್ನೊಂದು ಕಾರಿನ ಕೆಳಗೆ ಅಂಗಾತ ಮಲಗಬೇಕಾಗಿ ಬಂದರೆ ಯಾರ ಬೆನ್ನು ತಾನೇ ಸುಮ್ಮನಿದ್ದೀತು? ಅವನನ್ನು ಬೀದಿಯವರೆಲ್ಲ ಫ್ಯೂಸ್ ಎಂದೇ ಕರೆಯುತ್ತಿದ್ದರು. ವಯಸ್ಸು ಐವತ್ತೆರಡು ದಾಟಿದರೂ ಆ ಹೆಸರು ಬಿಟ್ಟುಹೋಗಿರಲಿಲ್ಲ. ಎರಡು ವರ್ಷಗಳಿಂದ ಅವನ ಭಾನುವಾರಗಳೆಲ್ಲ ಅಕ್ಕನ ಮನೆ ಪಕ್ಕದ ತಗಡಿನ ಶೆಡ್ಡಿನಲ್ಲೇ ಕಳೆದುಹೋಗುತ್ತಿದ್ದವು. ಅಲ್ಲಿ ಭಾವನ ಕಾರು ನಿಂತಿತ್ತು, ಮೂವತ್ತೆಂಟನೇ ಇಸವಿಯದು.

ಭಾವ ಮೂವತ್ನಾಲ್ಕು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಮುಚ್ಚಿಹೋದ ಗಿರಣಿಯೊಂದರ ಹಿಂದೆ ಕೋಳಿಗಳಿಗೆ ಗೂಡಾಗಿದ್ದ ಆ ಕಾರನ್ನು ಎಳೆಸಿಕೊಂಡು ಬಂದಿದ್ದರು. ಎಂಜಿನ್ ಒಂದು ವರ್ಷದಲ್ಲೇ ಸರಿಹೋಯಿತು. ಮುಗಿಯದೆ ಉಳಿದದ್ದು ಅಲಂಕಾರ. ಹಳೆಯ ಕೈಪಿಡಿಯೊಂದರ ಜೆರಾಕ್ಸ್ ಪ್ರತಿ ಸದಾ ಅವರ ಕಂಕುಳಲ್ಲಿರುತ್ತಿತ್ತು. ಮಂಜಿನ ದೀಪ, ಗಾಜಿನ ಮೇಲಿನ ಬಿಸಿಲುಮರೆ, ಡ್ಯಾಶ್‌ಬೋರ್ಡಿನ ಗಡಿಯಾರ, ಎಲ್ಲವೂ ಆ ಕಾಲದ್ದೇ ಆಗಿರಬೇಕು. ಒಮ್ಮೆ ದೀಪಕ್ಕೆ ಹಾಕಿದ್ದ ಸ್ಕ್ರೂಗಳ ತಲೆಯ ಮೇಲೆ ಅಡ್ಡಗೆರೆ ಒಂದರ ಬದಲು ಎರಡಿದ್ದವೆಂದು ಹನ್ನೆರಡನ್ನೂ ಬಿಚ್ಚಿಸಿದ್ದರು.

"ಆ ಕಾಲದಲ್ಲಿ ಇಂಥ ಸ್ಕ್ರೂ ಎಲ್ಲಿತ್ತೋ?"

"ಆ ಕಾಲದಲ್ಲಿ ನಾನೂ ಇರ್ಲಿಲ್ಲ ಭಾವ. ನನ್ನೂ ಬಿಚ್ಚಿ ಪಕ್ಕಕ್ಕಿಡಿ," ಎಂದಿದ್ದ ಫ್ಯೂಸ್.

ಪ್ಲಾಸ್ಟಿಕ್ ವೈರು ಕಾಣಬಾರದು ಎಂದಾಗ ಅವನು ದಾರಿಯೊಂದನ್ನು ತಾನೇ ಹುಡುಕಿದ. ಒಳಗೆ ಟೊಳ್ಳಿರುವ ಉದ್ದನೆಯ ಶೂ ಲೇಸುಗಳನ್ನು ತಂದು, ಅವುಗಳೊಳಗೆ ವೈರು ತೂರಿಸಿ, ಮೇಲೆ ಅರಗು ಬಳಿದ. ನೋಡಿದರೆ ಥೇಟ್ ಹಳೆಯ ಬಟ್ಟೆಸುತ್ತಿನ ವೈರು. ಭಾವ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಪರವಾಗಿಲ್ಲ" ಎಂದಿದ್ದರು. ಅವರ ಬಾಯಿಂದ ಅಷ್ಟು ಬಂದರೆ ಅದೇ ಹೆಚ್ಚು.

ಕೊನೆಗೆ ಉಳಿದದ್ದು ಸಿಗ್ನಲ್ ಕೈ. ಈಗಿನಂತೆ ಮಿಣುಕುವ ದೀಪವಲ್ಲ. ಕಾರು ತಿರುಗುವಾಗ ಬಾಗಿಲ ಪಕ್ಕದ ಕಂಬದಿಂದ ಗೇಣುದ್ದದ ಕೈಯೊಂದು ಹೊರಗೆ ಚಾಚಿ, ಕಿತ್ತಳೆ ಬಣ್ಣದಲ್ಲಿ ಬೆಳಗುತ್ತದೆ. ಗುಜರಿಯಿಂದ ಒಂದು ಜೊತೆ ಸಿಕ್ಕಿತ್ತು. ಭಾವ ಹೆಸರು ಕೊಟ್ಟಿದ್ದ ಹಳೆಯ ಕಾರುಗಳ ಪ್ರದರ್ಶನಕ್ಕೆ ಇನ್ನೊಂದೇ ವಾರ ಇದ್ದ ಭಾನುವಾರ ಫ್ಯೂಸ್ ಬೆಳಿಗ್ಗೆ ಏಳಕ್ಕೇ ಬಂದು ಕಂಬದ ತಗಡು ಕತ್ತರಿಸಿ, ಅವನ್ನು ಕೂರಿಸಿ, ಆರು ವೋಲ್ಟಿನ ಬ್ಯಾಟರಿಗೆ ಜೋಡಿಸಿದ. ಹನ್ನೆರಡೂವರೆಗೆ ಸ್ವಿಚ್ ತಿರುಗಿಸಿದ. ಎಡದ ಕೈ ಟಕ್ಕೆಂದು ಎದ್ದಿತು. ಬಲದ್ದು ಸ್ವಲ್ಪ ಯೋಚಿಸಿ ಎದ್ದಿತು.

ಭಾವ ಜೆರಾಕ್ಸ್ ಹಾಳೆ ತೆಗೆದರು, ಭೂತಗನ್ನಡಿ ಹಿಡಿದರು. ಬಹಳ ಹೊತ್ತಿನ ಮೇಲೆ, "ತುದಿ ಗುಂಡಗಿದೆ," ಎಂದರು. "ಇಲ್ಲಿ ನೋಡು, ಬಾಣದ ಥರ ಚೂಪಾಗಿದೆ. ಗುಂಡು ತುದಿ ಬಂದಿದ್ದು ಆಮೇಲೆ. ತೆಗಿ ಇದನ್ನ."

ಫ್ಯೂಸ್ ಸ್ಕ್ರೂಡ್ರೈವರನ್ನು ಮಡ್‌ಗಾರ್ಡಿನ ಮೇಲಿಟ್ಟ. ಅಡುಗೆಮನೆಗೆ ಹೋಗಿ, ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟ.

"ಇದು ಮುಗಿಯೋ ಕೆಲ್ಸ ಅಲ್ಲ ಅಕ್ಕ. ಹೊಳೇಲಿ ಹುಣಸೆಹಣ್ಣು ತೊಳ್ದಂಗಾಯ್ತು. ನನ್ನ ಕೈಲಿ ಇನ್ನಾಗಲ್ಲ."

ಅಕ್ಕ ತರಕಾರಿ ಹೆಚ್ಚುತ್ತಿದ್ದಳು. ಕಿಟಕಿಯಿಂದ ಶೆಡ್ಡಿನ ಕಡೆ ನೋಡಿ ದನಿ ತಗ್ಗಿಸಿದಳು. "ಮುಗಿದ್ರೆ ಓಡಿಸ್ಬೇಕಲ್ಲೋ ತಮ್ಮ."

"ಓಡಿಸ್ಲಿ. ಬೇಡ ಅಂದೋರು ಯಾರು?"

"ಡಾಕ್ಟ್ರು. ಕೈ ನಡುಕ ಬಂದಿದೆ, ಇನ್ಮೇಲೆ ಸ್ಟೀರಿಂಗ್ ಮುಟ್ಟಬೇಡಿ ಅಂತ ಐದು ತಿಂಗಳ ಹಿಂದೇನೇ ಹೇಳಿದ್ರು. ಯಾರಿಗೂ ಹೇಳಕೂಡ್ದು ಅಂತ ನನ್ನ ಬಾಯಿ ಕಟ್ಟಿ ಹಾಕಿದಾರೆ."

ಐದು ತಿಂಗಳು. ಫ್ಯೂಸ್ ಮನಸ್ಸಿನಲ್ಲೇ ಹಿಂದಕ್ಕೆ ಹೋದ. ಹನ್ನೆರಡು ಸ್ಕ್ರೂ ಬಿಚ್ಚಿಸಿದ್ದು ಆಮೇಲೆ. ಗಡಿಯಾರ ಎರಡು ಸಲ ತೆಗೆಸಿದ್ದು ಆಮೇಲೆ. ಬಿಸಿಲುಮರೆಯ ಬಣ್ಣ ಕೆರೆಸಿ ಮತ್ತೆ ಹೊಡೆಸಿದ್ದೂ ಆಮೇಲೆಯೇ. ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗಿ ನಾಲ್ಕು ಮಾತು ಕೇಳಿಬಿಡಬೇಕು ಅನ್ನಿಸಿತು. ಆದರೆ ಕೋಪ ಮಾಡಿಕೊಳ್ಳುವುದಕ್ಕೂ ಒಂದಿಷ್ಟು ಶಕ್ತಿ ಬೇಕು. ಅದು ಅವನಲ್ಲಿ ಉಳಿದಿರಲಿಲ್ಲ. ಅಕ್ಕ ಕೊಟ್ಟ ನೀರು ಕುಡಿದು, ಮಂಡಿಗೆ ಕೈಕೊಟ್ಟು ಮೇಲೆದ್ದ.

ಶೆಡ್ಡಿನಲ್ಲಿ ಭಾವ ತಾವೇ ಸಿಗ್ನಲ್ ಕೈಯ ಸ್ಕ್ರೂ ಬಿಚ್ಚಲು ನೋಡುತ್ತಿದ್ದರು. ಸ್ಕ್ರೂಡ್ರೈವರಿನ ತುದಿ ಗೆರೆಯೊಳಗೆ ಕೂರುತ್ತಿರಲಿಲ್ಲ. ಮತ್ತೆ ಮತ್ತೆ ಜಾರುತ್ತಿತ್ತು. ಇವನನ್ನು ಕಂಡೊಡನೆ ಕೈ ಹಿಂದಕ್ಕೆ ಎಳೆದುಕೊಂಡರು.

"ಬಿಡಿ ಭಾವ. ಗುಂಡಗೇ ಇರ್ಲಿ."

"ಮಾರ್ಕ್ ಕಳೀತಾರೆ ಕಣೋ."

"ಕಳೀಲಿ. ಇನ್ನೇನೂ ತೆಗೆಯಲ್ಲ, ಇನ್ನೇನೂ ಹಾಕಲ್ಲ. ಮುಗೀತು. ಬರೋ ಭಾನುವಾರ ಹೋಗ್ತೀವಿ."

ಎರಡು ವರ್ಷದಲ್ಲಿ ಅವನು ಭಾವನಿಗೆ ಅಷ್ಟು ಗಟ್ಟಿಯಾಗಿ ಎದುರಾಡಿದ್ದು ಅದೇ ಮೊದಲು. ಭಾವ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು.

ಪ್ರದರ್ಶನದ ದಿನ ಅವರು ಇಸ್ತ್ರಿಯ ಅಂಗಿ ತೊಟ್ಟು ಸ್ಟೀರಿಂಗಿನ ಮುಂದೆ ಕೂತರು. ಅಕ್ಕ ಹಿಂದೆ, ಫ್ಯೂಸ್ ಪಕ್ಕದಲ್ಲಿ. ಎಂಜಿನ್ ಶುರುವಾಯಿತು. ಭಾವ ಗೇರಿಗೆ ಮಾತ್ರ ಕೈ ಹಾಕಲಿಲ್ಲ. ಒಂದು ನಿಮಿಷ, ಎರಡು ನಿಮಿಷ ಕಳೆಯಿತು. ಆಮೇಲೆ ಭಾವ ಬಾಗಿಲು ತೆರೆದು ಇಳಿದರು. ಕಾರಿನ ಮುಂದಿನಿಂದ ನಿಧಾನವಾಗಿ ಸುತ್ತಿಕೊಂಡು ಫ್ಯೂಸ್ ಕೂತಿದ್ದ ಕಡೆಗೆ ಬಂದು ನಿಂತರು.

"ನೀನೇ ಓಡ್ಸು. ನನಗೆ ಡಾಕ್ಟ್ರು ಬೇಡ ಅಂದಿದಾರೆ."

"ಹೌದಾ?" ಎಂದ ಫ್ಯೂಸ್, ಆಗಷ್ಟೇ ಕೇಳಿದವನಂತೆ. ಸರಿದು ಕೂತ.

ದಾರಿಯುದ್ದಕ್ಕೂ ಭಾವನ ಪಾಠ ನಿಲ್ಲಲಿಲ್ಲ. "ಕ್ಲಚ್ ಮೇಲೆ ಕಾಲಿಟ್ಕೊಂಡು ನಿದ್ದೆ ಮಾಡ್ತಿದೀಯಾ? ಗೇರ್ ಇಳ್ಸು. ಅಯ್ಯೋ, ಹಾಗಲ್ಲ! ಒಂದು ಬಸ್ ಕೊಟ್ಟಿದ್ರೆ ಅರವತ್ತು ಜನಾನೂ ಚರಂಡಿಗೆ ಹಾಕ್ತಿದ್ದೆ ನೀನು."

ಮೈದಾನದಲ್ಲಿ ಪರೀಕ್ಷಕರು ಹಲಗೆಗೆ ಸಿಕ್ಕಿಸಿದ ಕಾಗದ ಹಿಡಿದು ಕಾರಿನ ಸುತ್ತ ಬಂದರು. ಶೂ ಲೇಸಿನ ವೈರು ನೋಡಿ ತಲೆದೂಗಿದರು. ಸಿಗ್ನಲ್ ಕೈ ಬಳಿ ಬಂದು ನಿಂತರು.

"ಇದು ಈ ಕಾರಿನ ಕಾಲದ್ದಲ್ಲ."

"ಗೊತ್ತು ಸಾರ್," ಎಂದರು ಭಾವ. "ನಮ್ಮ ಬಾಮೈದ ಹಾಕಿದ್ದು. ತಗಡು ಹೇಗೆ ಕತ್ತರಿಸಿದಾನೆ ನೋಡಿ. ಒಂದು ಕೂದಲೂ ತೂರಲ್ಲ."

ಬಹುಮಾನ ಬರಲಿಲ್ಲ. ಅದು ಬೇರೆ ಕಾರಿಗೆ ಹೋಯಿತು. ಬಿಸಿಲು ಜೋರಾಗಿತ್ತು. ಹಿಂದಿರುಗಿ ಕಾರನ್ನು ಶೆಡ್ಡಿಗೆ ಸೇರಿಸಿದಾಗ ಎರಡು ಗಂಟೆ ದಾಟಿತ್ತು. ಭಾವ ಬಾನೆಟ್ ಮೇಲಿನ ಧೂಳನ್ನು ಅಂಗೈಯಿಂದ ಒರೆಸುತ್ತ, ಇವನ ಮುಖ ನೋಡದೆ ಹೇಳಿದರು: "ಮುಂದಿನ ವಾರ ಬರಬೇಡ."

"ಯಾಕೆ ಭಾವ?"

"ಯಾಕೆ ಅಂದ್ರೆ? ಕೆಲ್ಸ ಏನಿದೆ ಇನ್ನು? ಬೇಕಾದ್ರೆ ಸಂಜೆ ಹೊತ್ತು ಬಾ. ಒಂದು ಸುತ್ತು ಕರ್ಕೊಂಡು ಹೋಗು."

ಅಕ್ಕ ಒಳಗೆ ಅನ್ನ, ಸಾರು ಬಿಸಿ ಮಾಡಿದಳು. ತಟ್ಟೆಗಳನ್ನು ಇಟ್ಟು ನೀರಿನ ಚೊಂಬು ತರುವಷ್ಟರಲ್ಲಿ ಇಬ್ಬರೂ ಕೂತಲ್ಲೇ ನಿದ್ದೆಹೋಗಿದ್ದರು. ಭಾವನ ತಲೆ ಗೋಡೆಗೆ, ತಮ್ಮನ ತಲೆ ಮೇಜಿನ ಮೇಲೆ. ಎಬ್ಬಿಸಲು ಕೈ ಚಾಚಿದವಳು ಹಾಗೇ ಹಿಂದಕ್ಕೆ ತೆಗೆದುಕೊಂಡಳು. ಪಾತ್ರೆಗಳ ಮೇಲೆ ಮುಚ್ಚಳ ಮುಚ್ಚಿ, ತಾನೂ ಒಂದು ಕುರ್ಚಿ ಎಳೆದುಕೊಂಡು ಕೂತಳು.